ನೀರೊಳಗಿನ ಎಮ್ಮೆಯ ಕ್ರಯ

ನೀರೊಳಗಿರುವ ಎಮ್ಮೆಗೆ ದಡದಲ್ಲಿ ನಿಂತು ಕ್ರಯ ಮಾಡಿದರಂತೆ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಎಮ್ಮೆಯ ಬೆನ್ನೂ ಕೋಡೂ ಮಾತ್ರ ಮೇಲೆ ಕಾಣುತ್ತವೆ. ಕಾಲು ಕುಂಟೋ, ಕೆಚ್ಚಲು ಬತ್ತಿದೆಯೋ, ಆ ಸಂಗತಿ ಎಮ್ಮೆಯ ಒಡೆಯನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಒಂದು ವ್ಯತ್ಯಾಸದಿಂದ ಹುಟ್ಟಿದ ವ್ಯಾಜ್ಯಗಳಿಗೆ ಲೆಕ್ಕವುಂಟೆ? ಮಾರಿದವನು ಹೇಳಬೇಕಾಗಿತ್ತೆ, ಕೊಂಡವನು ನೋಡಬೇಕಾಗಿತ್ತೆ ಎಂಬುದು ಸಂತೆಯಷ್ಟೇ ಹಳೆಯ ಪ್ರಶ್ನೆ. ಅದಕ್ಕೆ ನಮ್ಮ ನಾಡಿನ ಹಿಂದಿನವರು ಏನು ಉತ್ತರ ಕೊಟ್ಟಿದ್ದರು, ಇಂದಿನ ಕಾನೂನು ಏನೆನ್ನುತ್ತದೆ ಎಂಬುದನ್ನು, ಹಳೆಯ ಕಾರಿನ ವ್ಯಾಪಾರವನ್ನು ಮುಂದಿಟ್ಟುಕೊಂಡು, ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಹೈಸ್ಕೂಲಿನ ಕನ್ನಡ ಮೇಷ್ಟರಿಗೂ ಕಾರಿನ ವ್ಯಾಪಾರಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವನ್ನು ನಾನೇ ಹಣ ತೆತ್ತು ಸಂಪಾದಿಸಿದೆ. ನಾನಿರುವುದು ಮಲವಗೊಪ್ಪದಲ್ಲಿ, ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯ ಮಗ್ಗುಲಲ್ಲಿ. 2022ರ ಆಷಾಢದ ಒಂದು ಸಂಜೆ, ಪರಿಚಿತರೊಬ್ಬರು ಕರೆತಂದ ಅಪರಿಚಿತನೊಬ್ಬನಿಂದ ನಾನು ಹಳೆಯ ಕಾರೊಂದನ್ನು ಕೊಂಡೆ. ಮಳೆ ಜಿನುಗುತ್ತಿತ್ತು, ದೀಪ ಹಚ್ಚುವ ಹೊತ್ತು ಮೀರಿತ್ತು. ನಿಂತುಹೋದ ಸಕ್ಕರೆ ಕಾರ್ಖಾನೆಯ ಕಡೆ ರಸ್ತೆಯಂಚಿನ ಮರದ ಕೆಳಗೆ ಕಾರು ನಿಂತಿತ್ತು. ಪೇಟೆಯ ಧಾರಣೆಗಿಂತ ಕಾಲುಭಾಗ ಕಡಿಮೆ ಬೆಲೆ. ತಾನು ನಾಳೆಯೇ ಊರು ಬಿಡುವುದರಿಂದ ಅಗ್ಗಕ್ಕೆ ಕೊಡುತ್ತಿದ್ದೇನೆಂದು ಆತ ಹೇಳಿದ. ವಿದ್ಯಾನಗರದ ತನಕ ಒಂದು ಸಲ ಓಡಿಸಿಕೊಂಡು ಬಂದೆವು. ಬಣ್ಣ ಹೊಳೆಯುತ್ತಿತ್ತು, ಹಾರನ್ನು ಕೂಗುತ್ತಿತ್ತು. ಹಣ ಎಣಿಸಿಕೊಟ್ಟು, ಆತ ರುಜು ಹಾಕಿಕೊಟ್ಟ ಫಾರಮುಗಳನ್ನು ಮಡಿಸಿ ಟ್ರಂಕಿನಲ್ಲಿಟ್ಟು ನಿಶ್ಚಿಂತನಾದೆ.

ಎರಡು ತಿಂಗಳು ಕಳೆದವು. ತರಗತಿಯಲ್ಲಿ ವಚನಗಳ ಪಾಠಕ್ಕೆ ಪೀಠಿಕೆಯಾಗಿ ಕಲ್ಯಾಣ ಪಟ್ಟಣದ ವಿಚಾರ ಹೇಳುತ್ತಿದ್ದೆ. ಶರಣರಿಗಿಂತ ಮೊದಲು ಅದೇ ಕಲ್ಯಾಣದಲ್ಲಿ, ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನೆಂಬ ಪಂಡಿತ ಮಿತಾಕ್ಷರಾ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ಬರೆದನೆಂದೆ. ಅದರಲ್ಲಿ ಏನಿದೆ ಸಾರ್ ಎಂದು ಒಬ್ಬ ಹುಡುಗ ಕೇಳಿದ. ದಾಯಭಾಗ, ಸಾಲ, ಕ್ರಯ, ಕಳವು ಎಲ್ಲವೂ ಇದೆ ಎಂದು ಹೇಳುತ್ತ, ಕಳ್ಳಮಾಲನ್ನು ಕೊಂಡವನ ಲಕ್ಷಣವನ್ನು ವಿವರಿಸಹೊರಟೆ. ಮಾತು ಗಂಟಲಲ್ಲಿ ನಿಂತಿತು. ಪಂಡಿತ ಪರೀಕ್ಷೆಗೆಂದು ಓದುವ ದಿನಗಳಲ್ಲಿ ಕುತೂಹಲದಿಂದ ಬಾಯಿಪಾಠ ಮಾಡಿದ್ದ ಆ ಮಾತು ಯಾಜ್ಞವಲ್ಕ್ಯ ಸ್ಮೃತಿಯದು. ಮಿತಾಕ್ಷರಾ ಅದಕ್ಕೇ ವ್ಯಾಖ್ಯಾನ. ಅದರ ತಾತ್ಪರ್ಯವಿಷ್ಟು: ಒಬ್ಬನ ವಸ್ತುವನ್ನು ಇನ್ನೊಬ್ಬನು ಮಾರಿದ್ದರೆ ಅದು ಒಡೆಯನಿಗೇ ಸೇರಬೇಕು. ಬಹಿರಂಗವಾಗಿ ಕೊಳ್ಳದಿದ್ದುದು ಕೊಂಡವನ ದೋಷ. ಅಂಥ ವಸ್ತುವನ್ನು ಹೊಂದುವ ಯೋಗ್ಯತೆಯಿಲ್ಲದವನಿಂದ, ಗುಟ್ಟಾಗಿ, ಹೀನ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನಂತೆಯೇ ಎಣಿಸಬೇಕು.

ಮಾರಿದವನ ಯೋಗ್ಯತೆ ನನಗೆ ತಿಳಿಯದು. ಮಿಕ್ಕ ಮೂರು ಲಕ್ಷಣಗಳೂ ನನ್ನ ವ್ಯಾಪಾರಕ್ಕೆ ಕೂಡಿಬಂದಿದ್ದವು. ಮರದ ಕೆಳಗಣ ಗುಟ್ಟು, ಕಾಲುಭಾಗ ಕಡಿಮೆ ಬೆಲೆ, ಆಷಾಢದ ಕತ್ತಲೆ.

ಕಾರು ಕದ್ದದ್ದಾಗಿರಲಿಲ್ಲ, ಅಷ್ಟರಮಟ್ಟಿಗೆ ನಾನು ಪುಣ್ಯವಂತ. ಆದರೆ ಮುಂದಿನ ಜನವರಿಯಲ್ಲಿ ಇಬ್ಬರು ಶಾಲೆಯ ಗೇಟಿನ ಬಳಿ ಬಂದು ನಿಂತರು. ಕಾರಿನ ಮೇಲೆ ಸಾಲವಿತ್ತು, ಕಂತುಗಳು ಬಾಕಿ ಬಿದ್ದಿದ್ದವು. ಆರ್.ಸಿ. ತೆಗೆದು ನೋಡಿದರೆ ಸಾಲ ಕೊಟ್ಟ ಸಂಸ್ಥೆಗೆ ವಾಹನ ಆಧಾರವಾಗಿದೆ ಎಂಬುದು ಒಂದು ಸಾಲಿನಲ್ಲಿ ಅಚ್ಚಾಗಿಯೇ ಇತ್ತು. ಬಳ್ಳಿಗಾವೆಯ ಶಾಸನದ ಸವೆದ ಅಕ್ಷರಗಳನ್ನು ಬೆರಳಿನಿಂದ ಸವರಿ ಓದಿ ಹುಡುಗರಿಗೆ ಅರ್ಥ ಹೇಳಿದವನು ಅಂಗೈಯಗಲದ ಕಾರ್ಡಿನ ಒಂದು ಸಾಲನ್ನು ಓದಿರಲಿಲ್ಲ. ಮಾರಿದವನ ಫೋನು ಬದುಕಿರಲಿಲ್ಲ. ಬಾಕಿಯನ್ನು ನಾನೇ ಕಟ್ಟಿದೆ. ಅಗ್ಗದ ಕಾರು ಪೇಟೆಯ ಧಾರಣೆಯನ್ನೂ ಮೀರಿತು. ಆ ಹಣ ಮಗಳ ಬಿ.ಎಡ್. ಓದಿಗೆಂದು ಇಟ್ಟಿದ್ದು, ಅವಳು ಒಂದು ವರ್ಷ ತಡವಾಗಿ ಸೇರಿದಳು. ಅವಳು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ.

ಅಂದಿನಿಂದ ಈ ವಿಷಯವನ್ನು ಹುಡುಕಿ ಓದತೊಡಗಿದೆ. ಓದುತ್ತ ಹೋದಂತೆ, ಹಿಂದಿನವರು ಕೊಳ್ಳುವವನನ್ನು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರೆಂಬುದು ತಿಳಿಯಿತು. ಅವನಿಗೆ ಬರಿಯ ಎಚ್ಚರಿಕೆಯನ್ನು ಹೇಳಿ ಅವರು ಕೈತೊಳೆದುಕೊಂಡಿರಲಿಲ್ಲ, ಎಚ್ಚರದಿಂದಿರಲು ಕಾಲಾವಕಾಶವನ್ನೂ ಕೊಟ್ಟಿದ್ದರು. ಕೊಂಡ ಮೇಲೆ ಪಶ್ಚಾತ್ತಾಪಪಡುವುದಕ್ಕೆ ಕ್ರೀತಾನುಶಯವೆಂದು ಹೆಸರು. ಅದಕ್ಕೆ ಧರ್ಮಶಾಸ್ತ್ರದಲ್ಲಿ ಒಂದು ಪ್ರಕರಣವೇ ಉಂಟು. ಯಾಜ್ಞವಲ್ಕ್ಯನು ಕೊಂಡ ವಸ್ತುಗಳ ಪರೀಕ್ಷೆಗೆ ದಿನಗಳನ್ನು ಗೊತ್ತುಮಾಡುತ್ತಾನೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಭಾರ ಎಳೆಯುವ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಇದೇ ಪಟ್ಟಿಯಲ್ಲಿ ದಾಸಿಗೆ ಒಂದು ತಿಂಗಳೆಂದೂ ದಾಸನಿಗೆ ಅರ್ಧ ತಿಂಗಳೆಂದೂ ಇದೆ. ಮನುಷ್ಯರನ್ನು ಸರಕಿನಂತೆ ಎಣಿಸಿದ ಕಾಲವದು. ಹಿಂದಿನದನ್ನು ಹೊಗಳುವಾಗ ಆ ಸಾಲನ್ನು ಮುಚ್ಚಿಟ್ಟು ಓದುವುದು ಪ್ರಾಮಾಣಿಕತೆಯಲ್ಲ.

ಈ ಅವಧಿಗಳನ್ನು ಕಣ್ಣುಮುಚ್ಚಿ ಹಾಕಿಲ್ಲ. ಬೀಜ ಮೊಳೆಯುತ್ತದೆಯೋ ಇಲ್ಲವೋ ತಿಳಿಯಲು ಹತ್ತು ದಿನ ಬೇಕು. ಹಸುವಿನ ಹಾಲು ಎಷ್ಟೆಂಬುದು ಮೂರು ದಿನ ಕರೆದರೆ ತಿಳಿಯುತ್ತದೆ. ಎತ್ತು ಮೈಗಳ್ಳನೋ ಅಲ್ಲವೋ ಎಂಬುದು ಐದು ದಿನ ನೊಗಕ್ಕೆ ಕಟ್ಟಿದರೆ ತಾನಾಗಿ ಹೊರಬೀಳುತ್ತದೆ. ದೋಷವು ಬಯಲಾಗಲು ಎಷ್ಟು ದಿನ ಬೇಕೋ ಅಷ್ಟು ದಿನ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಭದ್ರಾವತಿಯ ನೆರೆಯಲ್ಲಿ ಬಾಳುವ ನನಗೆ ಇಲ್ಲಿ ಒಂದು ಸಂದೇಹ ಹುಟ್ಟಿತು. ಕಾರು ಕಬ್ಬಿಣವೋ, ವಾಹನದ ಪ್ರಾಣಿಯೋ? ಮೈ ನೋಡಿದರೆ ಕಬ್ಬಿಣ, ಕೆಲಸ ನೋಡಿದರೆ ಎತ್ತು. ಮೈಯನ್ನು ಒಂದು ದಿನವಾದರೂ ಹಗಲು ಬೆಳಕಿನಲ್ಲಿ ನೋಡು, ನಡೆಯನ್ನು ಐದು ದಿನ ನೋಡು ಎಂದು ನಾನು ಅರ್ಥಮಾಡಿಕೊಂಡೆ. ನಾನು ನೋಡಿದ್ದು ಅರ್ಧ ಗಂಟೆ.

ನಾರದಸ್ಮೃತಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಬೆಲೆ ಕೊಟ್ಟು ಕೊಂಡವನಿಗೆ ತಾನು ಕೊಂಡದ್ದು ಸರಿಯಿಲ್ಲವೆನಿಸಿದರೆ ಅದೇ ದಿನ, ವಸ್ತು ಕೆಡದಂತೆ, ಹಿಂದಕ್ಕೆ ಕೊಡಬಹುದು. ಎರಡನೆಯ ದಿನವಾದರೆ ಬೆಲೆಯಲ್ಲಿ ಮೂವತ್ತರಲ್ಲಿ ಒಂದು ಪಾಲು ಬಿಡಬೇಕು, ಮೂರನೆಯ ದಿನ ಅದರ ಎರಡರಷ್ಟು. ಆಮೇಲೆ ಅದು ಕೊಂಡವನದೇ. ಹಾಗೆಯೇ, ಕೊಳ್ಳುವವನು ಮೊದಲು ತಾನೇ ವಸ್ತುವಿನ ಗುಣದೋಷಗಳನ್ನು ಪರೀಕ್ಷಿಸಬೇಕು. ಪರೀಕ್ಷಿಸಿ ಒಪ್ಪಿ ಕೊಂಡದ್ದನ್ನು ಮಾರಿದವನಿಗೆ ಹಿಂದಿರುಗಿಸುವಂತಿಲ್ಲ. ಮಾರುವವನಿಗೂ ಅಲ್ಲಿ ಕಟ್ಟು ಉಂಟು. ನಿರ್ದೋಷವಾದುದನ್ನು ತೋರಿಸಿ ಸದೋಷವಾದುದನ್ನು ಕೊಟ್ಟವನು ಬೆಲೆಯ ಇಮ್ಮಡಿಯನ್ನು ಕೊಟ್ಟು, ಅಷ್ಟೇ ದಂಡವನ್ನೂ ತೆರಬೇಕು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ಉಟ್ಟ ಬಟ್ಟೆಯನ್ನು ಕುರಿತ ನಾರದನ ನಿಯಮ. ಬಳಸಿದ, ಸವೆದ, ಮಾಸಿದ ಬಟ್ಟೆಯನ್ನು ಅದೇ ಸ್ಥಿತಿಯಲ್ಲಿ ಕೊಂಡವನು ದೋಷವಿದೆಯೆಂದು ಹಿಂದಕ್ಕೆ ಕೊಡುವಂತಿಲ್ಲ. ಹಳೆಯ ವಸ್ತುವೆಂದು ತಿಳಿದೇ ಕೊಂಡ ಮೇಲೆ ಹಳೆಯದರ ದೋಷವನ್ನೂ ಕೊಂಡಂತಾಯಿತು. ಹಳೆಯ ಕಾರನ್ನು ಕೊಳ್ಳುವವರು ಈ ನಿಯಮವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಟೈರು ಸವೆದಿದೆ, ಸೀಟು ಹರಿದಿದೆ ಎಂದು ತಿಂಗಳ ಮೇಲೆ ದೂರುವುದು ಮಾಸಿದ ಬಟ್ಟೆ ಮಾಸಿದೆ ಎಂದು ಅತ್ತಂತೆ. ಕಣ್ಣಿಗೆ ಕಾಣುವ ಸವೆತ ಬೇರೆ, ಬೇಕೆಂದು ಮರೆಸಿದ ದೋಷ ಬೇರೆ ಎಂಬ ವಿವೇಕ ಆ ಕಾಲಕ್ಕೇ ಇತ್ತು.

ಈ ಮಾತುಗಳು ಸಂಸ್ಕೃತದಲ್ಲಿದ್ದ ಮಾತ್ರಕ್ಕೆ ನಮ್ಮ ಸಂತೆಗೆ ದೂರವಾದುವೆಂದು ತಿಳಿಯಬೇಡಿ. ವಿಕ್ರಮಾದಿತ್ಯನ ಆಳ್ವಿಕೆ 1076ರಿಂದ 1126ರವರೆಗೆ. ನಮ್ಮ ಜಿಲ್ಲೆಯ ಬಳ್ಳಿಗಾವೆ ಆಗ ಬನವಾಸಿ ನಾಡಿನ ರಾಜಧಾನಿ, ವರ್ತಕ ಸಂಘಗಳ ದೊಡ್ಡ ಪಟ್ಟಣ. ಅದೇ ಚಾಳುಕ್ಯ ಮನೆತನದ ಕೀರ್ತಿವರ್ಮನು ಗೋವೈದ್ಯವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ದನದ ರೋಗಗಳನ್ನು ಅರಿಯುವ ಶಾಸ್ತ್ರವನ್ನು ಅರಸುಕುಲದವನೇ ದೇಶಭಾಷೆಯಲ್ಲಿ ಬರೆದನೆಂದರೆ, ದನವನ್ನು ಬಲ್ಲ ಕಣ್ಣಿಗೆ ಎಷ್ಟು ಬೆಲೆಯಿತ್ತೆಂದು ಊಹಿಸಬಹುದು.

ಆ ಕಣ್ಣನ್ನು ನಾನು ನಮ್ಮ ತಂದೆಯವರಲ್ಲಿ ಕಂಡಿದ್ದೆ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಅವರು ಬಾಯಿ ಬಿಡಿಸಿ ಹಲ್ಲು ನೋಡುವರು, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ಎಂದು. ಸುಳಿ ನೋಡುವರು, ಗೊರಸು ತಟ್ಟುವರು, ನಡೆಸಿ ನೋಡುವರು, ನೊಗಕ್ಕೆ ಕಟ್ಟಿ ನೋಡದೆ ಮುಂಗಡ ಕೊಡುತ್ತಿರಲಿಲ್ಲ. ದರವನ್ನು ಮಾತ್ರ ಟವಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸುವರು. ಬೆಲೆ ಮರೆಯಲ್ಲಿ, ಎತ್ತು ಬಯಲಲ್ಲಿ. ನಾನು ಇದನ್ನು ತಿರುವುಮುರುವು ಮಾಡಿದೆ. ಬೆಲೆಯನ್ನು ಪರಿಚಿತರ ಮುಂದೆ ಬಯಲಿನಲ್ಲಿ ಆಡಿದೆ, ಕಾರನ್ನು ಮರೆಯಲ್ಲಿ ಕೊಂಡೆ.

ಎಲ್ಲ ಕಾಲದಲ್ಲಿಯೂ ಕೊಳ್ಳುವವನೇ ನಷ್ಟ ಹೊರುತ್ತಿದ್ದನೆಂದಲ್ಲ, ಹೊರಲೇಬೇಕೆಂದೂ ಅಲ್ಲ. ತಾನಾಗಿ ಹೊತ್ತವರೂ ಉಂಟು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನ್ಯೂನಿಜ್ ಸಾಳುವ ನರಸಿಂಹನ ವಿಷಯದಲ್ಲಿ ಒಂದು ಸಂಗತಿಯನ್ನು ಬರೆದಿದ್ದಾನೆ. ಹೊರ್ಮುಜ್ ಮತ್ತು ಏಡನ್ನಿನಿಂದ ಬರುವ ಕುದುರೆಗಳನ್ನು ಆ ಅರಸನು ಸತ್ತದ್ದಿರಲಿ ಬದುಕಿದ್ದಿರಲಿ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಲ್ಲುತ್ತಿತ್ತಂತೆ. ಕುದುರೆಗಳು ತನ್ನ ನಾಡಿಗೇ ಬರಲಿ ಎಂಬ ರಾಜನೀತಿಯಿಂದ ಅವನು ಬಾಲಕ್ಕೂ ಹಣ ಕೊಟ್ಟ. ಬೊಕ್ಕಸವುಳ್ಳವನಿಗೆ ಅದು ಸಾಧ್ಯ. ಸಂಬಳದವನಿಗೆ ಸಾಧ್ಯವಿಲ್ಲ.

ಇನ್ನು ಹೊರದೇಶಗಳ ಕಡೆ ಒಮ್ಮೆ ನೋಡೋಣ. ಪ್ರಾಚೀನ ರೋಮಿನ ಸಂತೆಯ ಅಧಿಕಾರಿಗಳು ದಾಸರನ್ನೂ ದನಕುದುರೆಗಳನ್ನೂ ಮಾರುವವನು ಅವುಗಳ ದೋಷವನ್ನು ಬಾಯಿಬಿಟ್ಟು ಹೇಳಲೇಬೇಕೆಂದು ಕಟ್ಟಳೆ ಮಾಡಿದ್ದರು. ಇಂಗ್ಲೆಂಡಿನಲ್ಲಿ ಬೇರೆಯ ಮಾತು ಬೇರೂರಿತು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬರ್ಥದ ಲ್ಯಾಟಿನ್ ನುಡಿ ಅಲ್ಲಿಯ 16ನೆಯ ಶತಮಾನದ ಬೇಸಾಯದ ಪುಸ್ತಕವೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಅದೂ ಸವಾರಿಯಾದ ಕುದುರೆಯ ವಿಷಯದಲ್ಲಿ, ಎಂದರೆ ಆ ಕಾಲದ ಹಳೆಯ ಕಾರಿನ ವಿಷಯದಲ್ಲಿ! ಆದರೆ ಅದೇ ಇಂಗ್ಲೆಂಡು ಕುದುರೆ ಕಳ್ಳತನವನ್ನು ತಡೆಯಲು 1555ರಲ್ಲಿ ಒಂದು ಕಾಯಿದೆ ಮಾಡಿತು. ಸಂತೆಯಲ್ಲಿ ಮಾರುವ ಕುದುರೆಯನ್ನು ಬೆಳಗಿನ ಹತ್ತು ಗಂಟೆಗೂ ಸೂರ್ಯಾಸ್ತಕ್ಕೂ ನಡುವೆ ಒಂದು ಗಂಟೆಯಾದರೂ ಎಲ್ಲರ ಕಣ್ಣೆದುರು ನಿಲ್ಲಿಸಬೇಕು ಅಥವಾ ನಡೆಸಬೇಕು. ಮಾರಿದವನು, ಕೊಂಡವನು, ಕುದುರೆಯ ಬಣ್ಣ, ಗುರುತು ಇವನ್ನೆಲ್ಲ ಸುಂಕದ ಪುಸ್ತಕದಲ್ಲಿ ಬರೆಯಿಸಬೇಕು. ಕಲ್ಯಾಣದ ಪಂಡಿತನು ಹೊತ್ತಲ್ಲದ ಹೊತ್ತು ಎಂದುದನ್ನೇ ಇವರು ಗಡಿಯಾರ ನೋಡಿ ಹೇಳಿದರು. ಇಂದಿನ ನೋಂದಣಿ ಪುಸ್ತಕಕ್ಕೆ ಆ ಸುಂಕದ ಪುಸ್ತಕವೇ ಹಿರಿಯಣ್ಣ.

ನಮ್ಮ ದೇಶದಲ್ಲಿ 1872ರ ಕರಾರು ಕಾಯಿದೆ ಬಂದಾಗ ಅದರ ಉದಾಹರಣೆಗಳಲ್ಲಿಯೂ ಕುದುರೆಯೇ ನಿಂತಿತು. ಒಬ್ಬನು ರೋಗವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ರೋಗದ ವಿಷಯ ಏನೂ ಹೇಳುವುದಿಲ್ಲ. ಅದು ವಂಚನೆಯಲ್ಲ ಎನ್ನುತ್ತದೆ ಕಾಯಿದೆ. ಕೊಳ್ಳುವವಳು ಅವನ ಮಗಳೇ ಆಗಿದ್ದು ಆಗತಾನೆ ಪ್ರಾಯಕ್ಕೆ ಬಂದಿದ್ದರೆ, ಹೇಳುವುದು ಅವನ ಕರ್ತವ್ಯವಾಗುತ್ತದೆ. ಇನ್ನು, ಕೊಳ್ಳುವವನು ಮುಖಕ್ಕೆ ಮುಖ ಕೊಟ್ಟು, ನೀನು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದು ತಿಳಿಯುತ್ತೇನೆ ಎಂದು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ. ನೋಡಿದಿರಾ, ಒಂದು ಪ್ರಶ್ನೆಯಿಂದ ಎಷ್ಟು ವ್ಯತ್ಯಾಸವಾಯಿತು! ಕೇಳದವನಿಗೆ ಕಾನೂನು ದೂರ, ಕೇಳಿದವನಿಗೆ ಹತ್ತಿರ. ಸಾಮಾನ್ಯ ಎಚ್ಚರಿಕೆಯಿಂದ ಸತ್ಯವನ್ನು ತಿಳಿಯಬಹುದಾಗಿದ್ದು ತಿಳಿಯದೆ ಹೋದವನು, ಮಾರುವವನು ಸುಮ್ಮನಿದ್ದನೆಂಬ ಕಾರಣದಿಂದ ಕರಾರನ್ನು ಮುರಿಯುವಂತಿಲ್ಲವೆಂದೂ ಅದೇ ಕಾಯಿದೆ ಹೇಳುತ್ತದೆ. ಸಾಲದ ವಿಷಯ ನನ್ನ ಕೈಯಲ್ಲಿದ್ದ ಆರ್.ಸಿ.ಯಲ್ಲೇ ಇತ್ತು ಎಂಬುದನ್ನು ನೆನೆದರೆ, ಯಾರನ್ನು ದೂರಲಿ? ಸರಕುಗಳ ಮಾರಾಟವನ್ನು ಆಮೇಲೆ 1930ರ ಪ್ರತ್ಯೇಕ ಕಾಯಿದೆಗೆ ಒಳಪಡಿಸಿದರು. ಮಾರುವವನು ತನಗಿಲ್ಲದ ಹಕ್ಕನ್ನು ಕೊಳ್ಳುವವನಿಗೆ ಕೊಡಲಾರನೆಂಬ ಸಾಮಾನ್ಯ ನಿಯಮ ಅಲ್ಲಿಯೂ ಉಂಟು. ಯಾಜ್ಞವಲ್ಕ್ಯನದೂ ಅದೇ ನಿಯಮವಲ್ಲವೆ?

1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಹಳೆಯ ಕಾರಿನ ಪೇಟೆಯನ್ನೇ ಕುರಿತು ಒಂದು ಪ್ರಬಂಧ ಬರೆದರು. ಅಲ್ಲಿ ಕೆಟ್ಟ ಕಾರನ್ನು ನಿಂಬೆಹಣ್ಣು ಎನ್ನುವ ರೂಢಿ. ಒಳ್ಳೆಯ ಕಾರು ಯಾವುದು ಕೆಟ್ಟದ್ದು ಯಾವುದು ಎಂದು ತಿಳಿಯದೆ ಕೊಳ್ಳುವವರೆಲ್ಲ ಕಡಿಮೆ ಬೆಲೆ ಕೇಳುತ್ತಾರೆ, ಒಳ್ಳೆಯ ಕಾರಿನ ಒಡೆಯರು ಆ ಬೆಲೆಗೆ ಮಾರಲೊಲ್ಲದೆ ಹಿಂದೆಗೆಯುತ್ತಾರೆ, ಕಡೆಗೆ ಪೇಟೆಯಲ್ಲಿ ಉಳಿಯುವುದು ನಿಂಬೆಹಣ್ಣುಗಳೇ ಎಂಬುದು ಅವರ ವಾದ. 2001ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಬಂದಿತು. ನೀರೊಳಗಿನ ಎಮ್ಮೆಯ ಗಾದೆಯನ್ನು ಅವರು ಗಣಿತದಲ್ಲಿ ಹೇಳಿದರೆನ್ನಬಹುದು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕೊಳ್ಳುವವನ ಅಜಾಗರೂಕತೆ ಅವನೊಬ್ಬನ ನಷ್ಟವಲ್ಲ. ಪ್ರಾಮಾಣಿಕನಾಗಿ ಮಾರಬಂದವನಿಗೂ ಅದರಿಂದ ನಷ್ಟ.

ಆ ಮೂರನೆಯವನ ವಿಷಯವೇ ನಮ್ಮಲ್ಲಿ ಬಹಳ ಮಂದಿ ಮರೆಯುವುದು. 1988ರ ಮೋಟಾರು ವಾಹನ ಕಾಯಿದೆಯಂತೆ, ಒಂದೇ ರಾಜ್ಯದೊಳಗೆ ವಾಹನ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು 14 ದಿನಗಳೊಳಗೆ ಅರ್ಜಿ ಕೊಡಬೇಕು. ಇವನ್ನು ಮಾಡದೆ ಹೋದರೆ ಏನಾಗುತ್ತದೆಂಬುದಕ್ಕೆ 2018ರ ಫೆಬ್ರವರಿಯ ಸುಪ್ರೀಂ ಕೋರ್ಟಿನ ತೀರ್ಪೊಂದೇ ಸಾಕು. ಒಂದು ಕಾರು 2007ರಲ್ಲಿ ಮಾರಾಟವಾಗಿ ಕೈಯಿಂದ ಕೈಗೆ ಹೋಗುತ್ತ ಬಂದಿತು. ಯಾರೂ ಹೆಸರು ಬದಲಾಯಿಸಲಿಲ್ಲ. 2009ರಲ್ಲಿ ಅದು ಅಪಘಾತ ಮಾಡಿತು. ಪರಿಹಾರ ಕೊಡುವ ಹೊಣೆ ಯಾರದು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಕಾರನ್ನು ಕಣ್ಣಿನಿಂದಲೂ ನೋಡದೆ ವರ್ಷಗಳು ಕಳೆದಿದ್ದ ಮೊದಲ ಒಡೆಯನ ಕೊರಳಿಗೆ ಆ ಹೊಣೆ ಬಿದ್ದಿತು. ಫಾರಮುಗಳನ್ನು ಟ್ರಂಕಿನಲ್ಲಿಟ್ಟು ನಿಶ್ಚಿಂತನಾಗಿದ್ದ ನಾನು ಇದನ್ನು ಓದಿದಾಗ ಬೆವರಿದೆ. ಆರು ತಿಂಗಳ ಕಾಲ ನಾನು ಓಡಿಸುತ್ತಿದ್ದುದು ಇನ್ನೊಬ್ಬನ ಹೆಸರಿನ ಕಾರು. ಯಾವುದಾದರೊಂದು ಮಗು ಅಡ್ಡ ಬಂದಿದ್ದರೆ?

ಹಳೆಯ ವಾಹನಗಳ ವ್ಯಾಪಾರಿಗಳನ್ನು ದಾಖಲೆಗೆ ತರುವ ನಿಯಮಗಳೂ 2022ರ ಡಿಸೆಂಬರಿನಲ್ಲಿ ಹೊರಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅಂಥ ವ್ಯಾಪಾರಿ ಅಧಿಕಾರಪತ್ರ ಪಡೆಯಬೇಕು, ಕಾರು ತನ್ನ ವಶಕ್ಕೆ ಬಂದುದನ್ನು ತಿಳಿಸಬೇಕು. ಒಳ್ಳೆಯದೇ. ಆದರೆ ಮರದ ಕೆಳಗಿನ ವ್ಯಾಪಾರವನ್ನು ಯಾವ ನಿಯಮ ನೋಡೀತು?

ಹೀಗೆ ಸಾವಿರ ವರ್ಷದ ಸಂಗತಿಯನ್ನು ಒಂದೆಡೆ ಕೂಡಿಸಿ ನೋಡಿದರೆ ಕೊಳ್ಳುವವನ ಹೊಣೆ ಮೂರು ಮಾತಿನಲ್ಲಿ ಅಡಗುತ್ತದೆ: ನೋಡುವುದು, ಕೇಳುವುದು, ಬರೆಯಿಸುವುದು.

ನೋಡುವುದೆಂದರೆ ಹಗಲಿನಲ್ಲಿ ನೋಡುವುದು. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗಲೇ ಹೋಗಿ ಸ್ಟಾರ್ಟು ಮಾಡಿಸಿ. ಬಿಸಿಯಾದ ಎಂಜಿನ್ನು ತನ್ನ ರೋಗವನ್ನು ಮುಚ್ಚಿಕೊಳ್ಳುತ್ತದೆ. ಬಾಗಿಲುಗಳ ಬಣ್ಣ ಒಂದಕ್ಕೊಂದು ಹೊಂದುತ್ತದೆಯೇ ಎಂದು ಬಿಸಿಲಿನಲ್ಲಿ ನೋಡಿ. ಓಡಿದ ಕಿಲೋಮೀಟರು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವ ಜಾಣರುಂಟು, ಆದ್ದರಿಂದ ಪೆಡಲಿನ ಸವೆತವನ್ನೂ ನೋಡಿ. ಅದು ಈ ಕಾಲದ ಎತ್ತಿನ ಹಲ್ಲು. ನಂಬಿಕೆಯ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯಿರಿ. ಚಾಸಿಸ್ ನಂಬರು, ಎಂಜಿನ್ ನಂಬರುಗಳನ್ನು ಆರ್.ಸಿ.ಯೊಡನೆ ತಾಳೆನೋಡಿ. ಆರ್.ಸಿ.ಯ ಪ್ರತಿಯೊಂದು ಸಾಲನ್ನೂ ಓದಿ, ಎರಡು ಸಲ ಓದಿ.

ಕೇಳುವುದೆಂದರೆ ಬಾಯಿಬಿಟ್ಟು ಕೇಳುವುದು. ಅಪಘಾತವಾಗಿದೆಯೆ? ಸಾಲವಿದೆಯೆ? ಪೊಲೀಸು ಮೊಕದ್ದಮೆ, ದಂಡ ಬಾಕಿಯುಂಟೆ? ನೀವು ಎಷ್ಟನೆಯ ಒಡೆಯರು? ಹೀಗೆ ಕೇಳುವುದು ಅವಮಾನವೆಂದು ನಾವು ಸಂಕೋಚಪಡುತ್ತೇವೆ. ಸಂಕೋಚ ಬೇಡ, ಪ್ರಾಮಾಣಿಕನಿಗೆ ಈ ಪ್ರಶ್ನೆಗಳು ನೋಯುವುದಿಲ್ಲ. ಉತ್ತರವನ್ನು ಕಾಗದದ ಮೇಲೆ ಬರೆಸಿ ರುಜು ಪಡೆಯಿರಿ.

ಬರೆಯಿಸುವುದೆಂದರೆ 29 ಮತ್ತು 30ನೆಯ ನಮೂನೆಗಳನ್ನು ಟ್ರಂಕಿಗಲ್ಲ, ಆರ್.ಟಿ.ಓ. ಕಚೇರಿಗೆ ಮುಟ್ಟಿಸುವುದು. ಸಾಲವಿದ್ದ ಕಾರಾದರೆ ಸಾಲ ತೀರಿದುದಕ್ಕೆ 35ನೆಯ ನಮೂನೆ, ಬೇರೆ ರಾಜ್ಯದಿಂದ ಬಂದುದಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ. ವಿಮೆಯೂ ನಿಮ್ಮ ಹೆಸರಿಗೆ ಬರಬೇಕು. ಇದು ನಿಮ್ಮ ರಕ್ಷಣೆಗಷ್ಟೇ ಅಲ್ಲ, ಮಾರಿ ಮನೆಗೆ ಹೋದವನ ನಿದ್ರೆಗೂ ಬೇಕು, ದಾರಿಹೋಕನ ನ್ಯಾಯಕ್ಕೂ ಬೇಕು.

ಈ ಮೂರನ್ನೂ ಮಾಡಿದ ಮೇಲೆಯೂ ಮೋಸವಾಗಬಹುದು. ಆಗ ನ್ಯಾಯ ಕೇಳಲು ನಿಮಗೆ ಬಾಯಿ ಇರುತ್ತದೆ. ಕಲ್ಯಾಣದ ಕಾಲದಲ್ಲಿಯೂ ಮಾರಿದವನನ್ನು ತೋರಿಸಿಕೊಟ್ಟ ಕ್ರೇತೃವು ದೋಷಮುಕ್ತನಾಗಿ ತನ್ನ ಹಣವನ್ನು ಅವನಿಂದ ಪಡೆಯುತ್ತಿದ್ದನು. ತೋರಿಸಲು ನನ್ನ ಬಳಿ ಇದ್ದದ್ದು ಸತ್ತ ಫೋನಿನ ನಂಬರೊಂದೇ.

ಕಾರು ಈಗಲೂ ನಮ್ಮ ಮನೆಯ ಮುಂದಿದೆ, ಈಗ ನನ್ನ ಹೆಸರಿನಲ್ಲಿ. ಮಗಳು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಕಳೆದ ತಿಂಗಳು ಅವಳು ತನಗೊಂದು ಹಳೆಯ ಸ್ಕೂಟರು ನೋಡಲು ಹೊರಟಳು. ಬೆಳಿಗ್ಗೆ ಹತ್ತು ಗಂಟೆ, ಒಳ್ಳೆಯ ಬಿಸಿಲು. ಕೈಯಲ್ಲಿ ಒಂದು ಚೀಟಿಯಿತ್ತು, ಏನೆಂದು ಕೇಳಿದೆ. ಕೇಳಬೇಕಾದ ಪ್ರಶ್ನೆಗಳು ಅಪ್ಪಾ ಎಂದಳು. ನಾನು ಜೊತೆಗೆ ಹೋಗಲಿಲ್ಲ, ಹೋಗುವ ಅಗತ್ಯ ಕಾಣಲಿಲ್ಲ.